ಯಾರೂ ಇಲ್ಲದ ಬೀಚ್ ಯಾಕೆ ಖಾಲಿ ಇರುತ್ತದೆ? ಫಾರ್ವರ್ಡ್ ಮೆಸೇಜುಗಳು ಹೇಳದ ಕಡಲಿನ ಲೆಕ್ಕ

ಶುಕ್ರವಾರ ಸಂಜೆ ಪಟ್ಟಂದೂರು ಅಗ್ರಹಾರ ಮೆಟ್ರೊ ನಿಲ್ದಾಣದಲ್ಲಿ ನಿಂತು ನೋಡಿ. ಲ್ಯಾಪ್‌ಟಾಪ್ ಬ್ಯಾಗಿನ ಜೊತೆಗೆ ಇನ್ನೊಂದು ದೊಡ್ಡ ಬ್ಯಾಗ್ ಹೊತ್ತವರು ಕಾಣಸಿಗುತ್ತಾರೆ. ಐಟಿಪಿಎಲ್ ಕಡೆಯಿಂದ ಬಂದವರು ಮೆಜೆಸ್ಟಿಕ್ ತಲುಪಿ, ರಾತ್ರಿ ಬಸ್ ಹತ್ತಿ, ಬೆಳಗಾಗುವ ಹೊತ್ತಿಗೆ ಗೋಕರ್ಣದಲ್ಲೋ ಕುಂದಾಪುರದಲ್ಲೋ ಇಳಿಯುತ್ತಾರೆ. ಸುಮಾರು 500 ಕಿಲೋಮೀಟರ್ ದೂರ, ಎರಡು ದಿನದ ರಜೆ, ಮತ್ತೆ ಸೋಮವಾರ ಬೆಳಿಗ್ಗೆ ಅದೇ ನಿಲ್ದಾಣ.

ಇಂಥ ಪ್ರವಾಸಗಳು ಹುಟ್ಟುವುದು ಹೆಚ್ಚಾಗಿ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ. ಯಾರೋ ಒಂದು ರೀಲ್ ಹಾಕುತ್ತಾರೆ. ಜನರಿಲ್ಲದ ಬೀಚ್, ತೆಂಗಿನ ಮರ, ಬಂಡೆಗಳ ನಡುವೆ ನೀಲಿ ನೀರು. ಕೆಳಗೆ ಗುಟ್ಟಿನ ಜಾಗಗಳ ಪಟ್ಟಿ, ಹೋಗುವ ದಾರಿಯ ಮ್ಯಾಪ್ ಲಿಂಕ್. ಅದು ಹತ್ತು ಗ್ರೂಪ್ ಸುತ್ತಿ ನಿಮ್ಮ ಫೋನಿಗೂ ಬಂದಿರುತ್ತದೆ. ಆ ಮೆಸೇಜಿನಲ್ಲಿ ಸುಳ್ಳೇನೂ ಇರುವುದಿಲ್ಲ. ಜಾಗ ನಿಜ, ಫೋಟೊ ನಿಜ. ಆದರೆ ಒಂದು ಪ್ರಶ್ನೆಗೆ ಉತ್ತರ ಇರುವುದಿಲ್ಲ: ಇಷ್ಟು ಚಂದದ ಜಾಗ ಖಾಲಿ ಯಾಕಿದೆ?

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಜೊತೆಗೆ, ಕಡಲು ಮತ್ತು ಮುಳುಗುವಿಕೆಯ ಬಗ್ಗೆ ನಮ್ಮ ಫೋನುಗಳಲ್ಲಿ ಓಡಾಡುವ ಕೆಲವು ನಂಬಿಕೆಗಳ ಬಗ್ಗೆ. ಅವುಗಳಲ್ಲಿ ಕೆಲವು ನಿರುಪದ್ರವಿ. ಒಂದೆರಡು ಜೀವ ತೆಗೆಯುವಂಥವು.

'ನಿರ್ಜನ' ಎಂದರೆ ಏನೇನು ಇಲ್ಲ?

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಹರಡಿದೆ. ಇದರಲ್ಲಿ ಪ್ರವಾಸಿಗರಿಗೆಂದು ವ್ಯವಸ್ಥೆ ಮಾಡಿರುವ ಬೀಚ್‌ಗಳು ಕೆಲವೇ. ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಶೌಚಾಲಯ, ಪರಿಸರ ನಿರ್ವಹಣೆ, ಜೀವರಕ್ಷಕರು, ಪ್ರಥಮ ಚಿಕಿತ್ಸೆ ಇವೆಲ್ಲವನ್ನೂ ನೋಡಿ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಮಲ್ಪೆ, ಮುರುಡೇಶ್ವರದಂಥ ಕಡೆ ಅಂಗಡಿ, ದೋಣಿ, ಪೊಲೀಸರು, ಸ್ಥಳೀಯ ಮೀನುಗಾರರು ಯಾವಾಗಲೂ ಇರುತ್ತಾರೆ.

ಇನ್ನು ಗೋಕರ್ಣದ ದಕ್ಷಿಣಕ್ಕೆ ನಡೆದರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಸಾಲಾಗಿ ಬೀಚ್‌ಗಳು ಸಿಗುತ್ತವೆ. ಮುಂದೆ ಹೋದಷ್ಟೂ ಜನ ಕಡಿಮೆ. ಕೊನೆಯ ಎರಡಕ್ಕೆ ಗುಡ್ಡ ಹತ್ತಿಳಿದು ನಡೆದೋ ದೋಣಿಯಲ್ಲೋ ಹೋಗಬೇಕು. ಜನ ಕಡಿಮೆ ಇರುವುದಕ್ಕೆ ಅದೇ ಮುಖ್ಯ ಕಾರಣ. ರಸ್ತೆ ಇಲ್ಲ ಎಂದರೆ ಆಂಬುಲೆನ್ಸ್ ಕೂಡ ಅಲ್ಲಿಗೆ ಬರುವುದಿಲ್ಲ. ಅಂಗಡಿ ಇಲ್ಲ ಎಂದರೆ ಹಗ್ಗ, ಟ್ಯೂಬ್, ಕೂಗಿದರೆ ಕೇಳುವ ಕಿವಿ ಯಾವುದೂ ಇಲ್ಲ. ಗುಡ್ಡದ ಮರೆಯಲ್ಲಿ ಫೋನ್ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಅಂದರೆ ನಿರ್ಜನ ಬೀಚ್‌ನ ಕಡಲು ಬೇರೆ ಕಡಲೇನಲ್ಲ. ಮುರುಡೇಶ್ವರದಲ್ಲಿ ಬಡಿಯುವ ಅಲೆಯೇ ಅಲ್ಲಿಯೂ ಬಡಿಯುತ್ತದೆ. ಏನಾದರೂ ಆದಾಗ ಸಹಾಯ ಬರಲು ಬೇಕಾಗುವ ಸಮಯ ಮಾತ್ರ ಬೇರೆ. ಮುಳುಗುವಿಕೆಯಲ್ಲಿ ಎಲ್ಲವೂ ನಿಂತಿರುವುದು ಆ ಸಮಯದ ಮೇಲೆ.

ಮುರುಡೇಶ್ವರವನ್ನೇ ನೋಡಿ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾದರು. ಅದು ಮಳೆಗಾಲವೂ ಅಲ್ಲ, ಜನರಿಲ್ಲದ ಜಾಗವೂ ಅಲ್ಲ. ಕೋಲಾರ ಜಿಲ್ಲೆಯಿಂದ ಬಂದ ಮಕ್ಕಳು ಅವರು. ನಮ್ಮ ವೈಟ್‌ಫೀಲ್ಡ್, ಹೊಸಕೋಟೆ, ಕೋಲಾರ ಕಡೆಯ ಬಯಲುಸೀಮೆಯಲ್ಲಿ ಬೆಳೆದವರಿಗೆ ನೀರು ಎಂದರೆ ಕೆರೆ. ಕೆರೆಯ ಅಪಾಯ ಆಳದಲ್ಲಿರುತ್ತದೆ, ಕೆಸರಿನಲ್ಲಿರುತ್ತದೆ. ನೀರು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕಡಲಿನಲ್ಲಿ ಮೊಣಕಾಲುದ್ದದ ನೀರೂ ನಡೆಯುತ್ತಿರುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸಾವಿರ ಕಿಲೋಗಿಂತ ಹೆಚ್ಚು. ಅದು ಹಿಂದಕ್ಕೆ ಹರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಆಳಕ್ಕೆ ಹೋಗದವರೂ ಬೀಳುವುದು ಹೀಗೆ.

ನಂಬಿಕೆ 1: ಅಲೆ ಇಲ್ಲದ ಜಾಗದಲ್ಲಿ ಇಳಿದರೆ ಸುರಕ್ಷಿತ

ಇದು ಅತ್ಯಂತ ಸಹಜವಾದ ನಂಬಿಕೆ, ಅತ್ಯಂತ ಅಪಾಯದ್ದೂ ಹೌದು.

ಬೀಚ್‌ನಲ್ಲಿ ನಿಂತು ನೋಡಿದರೆ ಎಡಕ್ಕೂ ಬಲಕ್ಕೂ ಅಲೆಗಳು ಒಡೆದು ಬಿಳಿ ನೊರೆ ಕಾಣುತ್ತದೆ. ನಡುವೆ ಒಂದು ಕಡೆ ನೊರೆ ಇಲ್ಲ, ನೀರು ಸ್ವಲ್ಪ ಗಾಢ ಬಣ್ಣ, ನೋಡಲು ಶಾಂತ. ಮಕ್ಕಳನ್ನು ಕರೆದುಕೊಂಡು ಬಂದವರು ಇಳಿಯಲು ಅಲ್ಲಿಗೇ ಹೋಗುತ್ತಾರೆ. ಅನೇಕ ಸಲ ಅದೇ ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿನ ಕಡೆಗೆ ಓಡುವ ಸೆಳವು.

ಇದು ಆಗುವುದು ಹೀಗೆ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ಅಲೆಗಳು ಆ ದಿಬ್ಬದ ಮೇಲೆ ಒಡೆದು ನೀರನ್ನು ದಡದತ್ತ ತಳ್ಳುತ್ತವೆ. ಹಾಗೆ ಬಂದು ಸೇರಿದ ನೀರು ಮತ್ತೆ ಕಡಲಿಗೆ ಮರಳಬೇಕು. ದಿಬ್ಬದಲ್ಲಿ ಎಲ್ಲಿ ತಗ್ಗು ಸಿಗುತ್ತದೋ ಆ ಕಡೆಗೆ ನುಗ್ಗುತ್ತದೆ. ಜೋರು ಮಳೆ ಬಂದಾಗ ವೈಟ್‌ಫೀಲ್ಡ್ ಮುಖ್ಯರಸ್ತೆಯ ನೀರೆಲ್ಲ ತೆರೆದಿರುವ ಒಂದೇ ಚರಂಡಿಯತ್ತ ಓಡುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ರಸ್ತೆಯ ಅಗಲದಲ್ಲಿ ನಿಧಾನವಾಗಿದ್ದ ನೀರು ಚರಂಡಿಯ ಬಾಯಲ್ಲಿ ಬೈಕನ್ನೇ ಎಳೆಯುತ್ತದೆ. ಆ ತಗ್ಗಿನಲ್ಲಿ ನೀರು ಆಳವಾಗಿರುವುದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ. ಶಾಂತವಾಗಿ ಕಾಣುವುದು ಅದಕ್ಕೇ.

ಗೋಕರ್ಣದಂಥ ಕಡೆ ಇನ್ನೊಂದು ಬಗೆಯ ಸೆಳವೂ ಇದೆ. ಎರಡು ಗುಡ್ಡಗಳ ನಡುವೆ ಸಿಕ್ಕ ಪುಟ್ಟ ಬೀಚ್‌ಗಳಲ್ಲಿ ನೀರು ದಡದುದ್ದಕ್ಕೂ ಹರಿದು ಬಂಡೆಗೆ ತಾಗಿದಾಗ, ಬೇರೆ ದಾರಿಯಿಲ್ಲದೆ ಬಂಡೆಯ ಪಕ್ಕದಿಂದ ಕಡಲಿಗೆ ತಿರುಗುತ್ತದೆ. ರೀಲ್‌ಗಳಲ್ಲಿ ಅತಿ ಚಂದ ಕಾಣುವ, ಬಂಡೆಯ ಪಕ್ಕದ ನೀಲಿ ನೀರು ಎಷ್ಟೋ ಸಲ ಇದೇ.

ಗುರುತಿಸುವುದು ಹೇಗೆ? ನೀರಿಗೆ ಇಳಿಯುವ ಮೊದಲು ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ. ನೊರೆಯ ಸಾಲಿನಲ್ಲಿ ಎಲ್ಲಿ ಬಿರುಕಿದೆ? ಎಲ್ಲಿ ಕದಡಿದ, ಮರಳು ಬೆರೆತ ನೀರು ಒಳಕ್ಕೆ ಹೋಗುತ್ತಿದೆ? ಎಲ್ಲಿ ನೊರೆ, ಎಲೆ, ಕಸ ದಡಕ್ಕೆ ಬಾರದೆ ಹೊರಕ್ಕೆ ತೇಲುತ್ತಿದೆ? ಅಲ್ಲಿ ಇಳಿಯಬೇಡಿ. ಏನೂ ಕಾಣಲಿಲ್ಲ ಎಂದರೆ ಸೆಳವೇ ಇಲ್ಲ ಎಂದು ಅರ್ಥವಲ್ಲ. ಕೆಲವು ಸೆಳವುಗಳು ಯಾವ ತಗ್ಗೂ ಇಲ್ಲದ ಕಡೆ ದಿಢೀರನೆ ಹುಟ್ಟಿ ಕೆಲವೇ ನಿಮಿಷದಲ್ಲಿ ಮಾಯವಾಗುತ್ತವೆ.

ನಂಬಿಕೆ 2: ಈಜು ಬಂದರೆ ಭಯವಿಲ್ಲ

ವೈಟ್‌ಫೀಲ್ಡ್ ಸುತ್ತಮುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳ ಸಾಮಾನ್ಯ. ಅಲ್ಲಿ ಕಲಿತವರಿಗೆ ಧೈರ್ಯವೂ ಸಹಜ. ಆದರೆ ಲೆಕ್ಕ ನೋಡಿ. ಜಗತ್ತಿನ ಅತಿ ವೇಗದ ಈಜುಗಾರರು 50 ಮೀಟರ್ ದೂರವನ್ನು ಸುಮಾರು 21 ಸೆಕೆಂಡಿನಲ್ಲಿ ಮುಗಿಸುತ್ತಾರೆ. ಅಂದರೆ ಸೆಕೆಂಡಿಗೆ 2.4 ಮೀಟರ್, ಅದೂ ಅರ್ಧ ನಿಮಿಷದ ಮಟ್ಟಿಗೆ. ಜೋರಾದ ಸೆಳವು ಸೆಕೆಂಡಿಗೆ 2.5 ಮೀಟರ್‌ವರೆಗೂ ಹೋಗಬಲ್ಲದು. ನಮ್ಮಂಥವರು ಕೊಳದಲ್ಲಿ ಸೆಕೆಂಡಿಗೆ ಒಂದು ಮೀಟರ್ ಈಜಿದರೆ ಅದೇ ಹೆಚ್ಚು. ಸೆಳವಿನ ಎದುರು ದಡದತ್ತ ನೇರವಾಗಿ ಈಜುವವರು ಇದ್ದಲ್ಲೇ ಇರುತ್ತಾರೆ, ದಣಿಯುತ್ತಾರೆ, ಗಾಬರಿಯಾಗುತ್ತಾರೆ. ಸಾವು ಬರುವುದು ಆ ದಣಿವಿನಿಂದ.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆಯನ್ನೂ ತೆಗೆದುಹಾಕಬೇಕು. ರಿಪ್ ಕರೆಂಟ್ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಅಲೆ ಒಡೆಯುವ ಜಾಗ ದಾಟಿದ ಮೇಲೆ ಅದರ ಜೋರು ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ನೀರಿಗೆ ಬಣ್ಣ ಬಿಟ್ಟು, ಅಮೆರಿಕದಲ್ಲಿ ಜಿಪಿಎಸ್ ಕಟ್ಟಿದ ತೇಲುಗಳನ್ನು ಬಿಟ್ಟು ಸೆಳವಿನ ದಾರಿಯನ್ನು ಅಳೆದಿದ್ದಾರೆ. ಅನೇಕ ಸಲ ತೇಲುಗಳು ದೊಡ್ಡ ಸುತ್ತು ಹೊಡೆದು ಮತ್ತೆ ಮರಳು ದಿಬ್ಬದ ಕಡೆಗೇ ಬಂದವು. ಕೆಲವು ಸಲ ಹೊರಗೇ ಹೋದವು. ಹಾಗಾಗಿ ಎಲ್ಲ ಕಡೆಗೂ ಸರಿಹೊಂದುವ ಒಂದೇ ಸೂತ್ರ ಇಲ್ಲ. ತಜ್ಞರು ಈಗ ಹೇಳುವ ಕ್ರಮ ಇದು:

- ಮೊದಲು ಸುಮ್ಮನಾಗಿ. ಬೆನ್ನ ಮೇಲೆ ತೇಲಿ, ಉಸಿರು ಉಳಿಸಿಕೊಳ್ಳಿ.
- ಕೈ ಎತ್ತಿ ಬೀಸಿ, ದಡದಲ್ಲಿರುವವರಿಗೆ ಗೊತ್ತಾಗಲಿ.
- ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ. ಒಂದು ದಿಕ್ಕಿನಲ್ಲಿ ಆಗದಿದ್ದರೆ ಇನ್ನೊಂದು ದಿಕ್ಕು ನೋಡಿ.
- ಸೆಳವಿನಿಂದ ಹೊರಬಂದ ಮೇಲೆ ಅಲೆಗಳ ಜೊತೆ ಓರೆಯಾಗಿ ದಡಕ್ಕೆ ಬನ್ನಿ.

ಅಮೆರಿಕದ ಜೀವರಕ್ಷಕರ ಸಂಘದ ಅಂದಾಜಿನಂತೆ ಅಲೆಯಿರುವ ಬೀಚ್‌ಗಳಲ್ಲಿ ಅವರು ಮಾಡುವ ರಕ್ಷಣೆಗಳಲ್ಲಿ ಶೇ. 80ಕ್ಕೂ ಹೆಚ್ಚು ರಿಪ್ ಕರೆಂಟ್‌ಗೆ ಸಂಬಂಧಿಸಿದ್ದು. ಅಲ್ಲಿ ಅದು ರಕ್ಷಣೆಯ ಲೆಕ್ಕ, ಯಾಕೆಂದರೆ ನೋಡುವವರೊಬ್ಬರು ಇದ್ದಾರೆ. ನಿರ್ಜನ ಬೀಚ್‌ನಲ್ಲಿ ಆ ನೋಡುವವರು ನೀವೇ.

ನಂಬಿಕೆ 3: ಆಕಾಶ ತಿಳಿಯಾಗಿದ್ದರೆ ಕಡಲೂ ಶಾಂತ

ಕಡಲಿಗೆ ತನ್ನದೇ ಕ್ಯಾಲೆಂಡರ್ ಇದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನವೃದ್ಧಿ ಅದರ ಮುಖ್ಯ ಉದ್ದೇಶ. ಆದರೆ ಅದು ಕಡಲು ಅತ್ಯಂತ ಕೆರಳಿರುವ ಕಾಲವೂ ಹೌದು. ಕರಾವಳಿಯ ಮೊಗವೀರರು, ಖಾರ್ವಿಗಳು, ಅಂಬಿಗರು ಹಿಂದಿನಿಂದಲೂ ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜಿಸಿದ ಮೇಲೆಯೇ ಹೊಸ ಋತುವಿನ ಮೀನುಗಾರಿಕೆಗೆ ಇಳಿಯುವ ಪದ್ಧತಿ ಇಟ್ಟುಕೊಂಡವರು. ಹುಟ್ಟಿದಾಗಿನಿಂದ ಕಡಲು ನೋಡಿದವರೇ ದೋಣಿ ಮೇಲೆಳೆದಿಟ್ಟ ತಿಂಗಳಲ್ಲಿ, ವರ್ಷಕ್ಕೊಮ್ಮೆ ಕಡಲು ನೋಡುವವರು ಇಳಿಯಲು ಹೊರಡುವುದು ವಿಚಿತ್ರ ಅಲ್ಲವೇ?

ಅಂಕಿಯಲ್ಲಿ ಹೇಳುವುದಾದರೆ, ಮಳೆಗಾಲದಲ್ಲಿ ನಮ್ಮ ಕರಾವಳಿಯ ಅಲೆಗಳು ಮೂರು ಮೀಟರ್ ದಾಟುವುದು ಸಾಮಾನ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹೆಚ್ಚಿನ ದಿನ ಒಂದು ಮೀಟರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯಲ್ಲಿ ಬೆಳಿಗ್ಗೆ ಸುಮ್ಮನಿದ್ದ ಕಡಲು ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಬ್ಬರಿಸುವುದೂ ಉಂಟು.

ಬೇಸಿಗೆಗೆ ಇನ್ನೊಂದು ವಿಶೇಷವಿದೆ. ಕೇರಳದ ಮೀನುಗಾರರು ಅದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು. ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ತುದಿಯಲ್ಲಿ ಬಿರುಗಾಳಿ ಎದ್ದು ದೊಡ್ಡ ಅಲೆಗಳು ಹುಟ್ಟುತ್ತವೆ. ಕೆಲವು ದಿನ ಪ್ರಯಾಣ ಮಾಡಿ ಅವು ನಮ್ಮ ದಡಕ್ಕೆ ಬರುತ್ತವೆ. ಬಂದ ದಿನ ಇಲ್ಲಿ ಮೋಡವಿಲ್ಲ, ಗಾಳಿಯಿಲ್ಲ, ಆಕಾಶ ನೀಲಿ. 2024ರ ಮೇ 6ರಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಬೀಚೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಸಾವನ್ನಪ್ಪಿದ್ದು ಇಂಥದೇ ಅಲೆಗಳ ಕಾಲದಲ್ಲಿ. ಹೈದರಾಬಾದಿನ 'ಇನ್‌ಕಾಯಿಸ್' ಸಂಸ್ಥೆ, ಅಂದರೆ ಭಾರತೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಆಗ ಮುಂಚಿತವಾಗಿ ಎಚ್ಚರಿಕೆ ಕೊಟ್ಟಿತ್ತು.

ಆ ಎಚ್ಚರಿಕೆಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಇನ್‌ಕಾಯಿಸ್ ಜಾಲತಾಣದಲ್ಲೂ ಅವರ 'ಸಮುದ್ರ' ಆ್ಯಪ್‌ನಲ್ಲೂ ಎತ್ತರದ ಅಲೆಗಳ ಮುನ್ಸೂಚನೆ ಇರುತ್ತದೆ. ಹೋಟೆಲ್ ರಿವ್ಯೂ ಓದಲು ಅರ್ಧ ಗಂಟೆ ಕೊಡುವ ನಾವು ಇದಕ್ಕೆ ಎರಡು ನಿಮಿಷ ಕೊಡಬಹುದು.

ಅಳಿವೆ, ಬಂಡೆ, ಭರತ

ಮ್ಯಾಪ್ ನೋಡಿ ಹೋಗುವವರಿಗೆ ಗೊತ್ತಾಗದ ಮೂರು ವಿಷಯಗಳಿವೆ.

ಮೊದಲನೆಯದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಗೋಕರ್ಣದ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಹೊನ್ನಾವರದಲ್ಲಿ ಶರಾವತಿ. ಅಳಿವೆಯ ಹತ್ತಿರದ ಮರಳು ದಂಡೆಗಳು ನೋಡಲು ಚಂದ, ಜನವೂ ಕಡಿಮೆ. ಆದರೆ ಇಳಿತದ ಹೊತ್ತಿನಲ್ಲಿ ಹೊಳೆಯೊಳಗೆ ತುಂಬಿದ ನೀರೆಲ್ಲ ಆ ಕಿರಿದಾದ ಬಾಯಿಯಿಂದ ಹೊರಗೆ ಓಡುತ್ತದೆ. ಮರಳಿನ ತಳ ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ. ಹೋದ ವರ್ಷ ಸೊಂಟದುದ್ದ ಇದ್ದ ಜಾಗ ಈ ವರ್ಷ ಆಳೆತ್ತರ ಇರಬಹುದು.

ಎರಡನೆಯದು ಬಂಡೆ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಕೆಲವು ನಿಮಿಷ ಸಣ್ಣ ಅಲೆಗಳು, ಆಮೇಲೆ ಒಂದು ಗುಂಪು ದೊಡ್ಡವು. 'ಏಳನೆಯ ಅಲೆ ದೊಡ್ಡದು' ಎಂಬ ಮಾತಿಗೆ ಲೆಕ್ಕದ ಆಧಾರವಿಲ್ಲ, ಆದರೆ ಗುಂಪಾಗಿ ಬರುವುದು ನಿಜ. ಐದು ನಿಮಿಷ ಒಣಗಿದ್ದ ಬಂಡೆ ಸುರಕ್ಷಿತ ಎಂದು ಸೆಲ್ಫಿಗೆ ನಿಂತವರು ಹೋಗುವುದು ಆ ಮುಂದಿನ ಗುಂಪಿಗೆ. ಪಾಚಿ ಕಟ್ಟಿದ, ಒದ್ದೆ ಇರುವ ಬಂಡೆ ಎಂದರೆ ಅಲೆ ಅಲ್ಲಿಗೆ ಬರುತ್ತದೆ ಎಂದೇ ಅರ್ಥ.

ಮೂರನೆಯದು ಭರತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಒಂದೂವರೆಯಿಂದ ಎರಡು ಮೀಟರ್‌ವರೆಗೂ ಇರುತ್ತದೆ. ಬೆಳಿಗ್ಗೆ ಇಳಿತದಲ್ಲಿ ಬಂಡೆಗಳ ಬುಡದಲ್ಲಿ ನಡೆದು ಹೋದ ದಾರಿ ಮಧ್ಯಾಹ್ನ ನೀರಿನಡಿ ಇರಬಹುದು. ಹುಣ್ಣಿಮೆ ರಾತ್ರಿಯ ಬೀಚ್ ಕ್ಯಾಂಪಿಂಗ್ ಯೋಜನೆ ಹಾಕುವವರು ಇದನ್ನು ಮೊದಲು ನೋಡಬೇಕು.

ನಂಬಿಕೆ 4: ಮುಳುಗುವವರು ಕೈ ಬೀಸಿ ಕೂಗುತ್ತಾರೆ

ಸಿನಿಮಾದಲ್ಲಿ ಹೌದು. ನಿಜದಲ್ಲಿ ಮುಳುಗುವಿಕೆ ಬಹುಪಾಲು ಸದ್ದಿಲ್ಲದ ಘಟನೆ. ಅಮೆರಿಕದ ಜೀವರಕ್ಷಕ ಫ್ರ್ಯಾಂಕ್ ಪಿಯಾ ದಶಕಗಳ ಹಿಂದೆಯೇ ಇದನ್ನು ದಾಖಲಿಸಿದರು. ಮುಳುಗುತ್ತಿರುವವರ ಬಾಯಿ ನೀರಿನ ಮೇಲೆ ಬರುವುದು ಕ್ಷಣ ಮಾತ್ರ. ಆ ಕ್ಷಣ ಉಸಿರಿಗೇ ಸಾಲುವುದಿಲ್ಲ, ಇನ್ನು ಕೂಗುವುದೆಲ್ಲಿ? ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ತಲೆ ಹಿಂದಕ್ಕೆ ವಾಲಿರುತ್ತದೆ. ನೋಡುವವರಿಗೆ ಆಟ ಆಡುತ್ತಿರುವಂತೆ ಕಾಣುತ್ತದೆ. ಈ ಸ್ಥಿತಿ 20ರಿಂದ 60 ಸೆಕೆಂಡು ಇರುತ್ತದೆ, ಅಷ್ಟೇ.

ಹಾಗಾಗಿ ಗುಂಪಿನಲ್ಲಿ ಹೋದರೆ ಒಬ್ಬರು ನೀರಿಗಿಳಿಯದೆ, ಫೋನ್ ನೋಡದೆ, ಕುಡಿಯದೆ ದಡದಲ್ಲಿರಬೇಕು. ಸರದಿಯ ಮೇಲೆ ಇರಬಹುದು. ಕ್ರಿಕೆಟ್ ಆಡುವಾಗ ಅಂಪೈರ್ ಬೇಕು ಎಂದು ಒಪ್ಪುವ ನಾವು ಇದಕ್ಕೂ ಒಪ್ಪಬಹುದು.

ಯಾರಾದರೂ ಸೆಳವಿಗೆ ಸಿಕ್ಕರೆ ಇನ್ನೊಬ್ಬರು ಬರಿಗೈಯಲ್ಲಿ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ತೇಲುವ ಏನನ್ನಾದರೂ ಎಸೆಯಿರಿ. ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್, ಥರ್ಮಾಕೋಲ್ ಡಬ್ಬ, ಫುಟ್‌ಬಾಲ್, ಹಗ್ಗ, ಉದ್ದನೆಯ ದುಪ್ಪಟ್ಟ ಯಾವುದೂ ಆಗುತ್ತದೆ. ತೇಲಲು ಹೇಳಿ ಕೂಗಿ. 112ಕ್ಕೆ ಕರೆ ಮಾಡಿ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್ 1554. ಹತ್ತಿರದಲ್ಲಿ ಮೀನುಗಾರರಿದ್ದರೆ ಮೊದಲು ಅವರತ್ತ ಓಡಿ.

ನಂಬಿಕೆ 5: ಉಪ್ಪಿನಲ್ಲಿ ಮುಚ್ಚಿಟ್ಟರೆ ಬದುಕುತ್ತಾರೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನೀರಿನಲ್ಲಿ ಮುಳುಗಿ ಸತ್ತವರ ದೇಹವನ್ನು ಕೆಲವು ಗಂಟೆ ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಉಪ್ಪು ನೀರನ್ನು ಹೀರಿ ಜೀವ ಮರಳುತ್ತದೆ ಎಂಬ ಮೆಸೇಜ್ ಕನ್ನಡದಲ್ಲೂ ಬೇರೆ ಭಾಷೆಗಳಲ್ಲೂ ವರ್ಷಗಳಿಂದ ತಿರುಗುತ್ತಿದೆ. ಇದು ಬರಿಯ ಮೆಸೇಜಾಗಿ ಉಳಿದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿದ ಬಾಲಕನ ದೇಹವನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿಟ್ಟು ಕಾದರು. ಸೋಶಿಯಲ್ ಮೀಡಿಯಾದಲ್ಲಿ ನೋಡಿದ್ದನ್ನು ನಂಬಿದ್ದರು. ಕೊನೆಗೆ ವೈದ್ಯರು ಬಂದು ಮಗು ಇಲ್ಲ ಎಂದು ಹೇಳಬೇಕಾಯಿತು. ಆ ತಂದೆತಾಯಿಯನ್ನು ದಡ್ಡರು ಎನ್ನುವುದು ಸುಲಭ, ಆದರೆ ತಪ್ಪು. ಮಗು ಕಣ್ಣೆದುರು ಮಲಗಿರುವಾಗ ಯಾರಾದರೂ ಒಂದು ದಾರಿ ಹೇಳಿದರೆ ಯಾರು ಬಿಡುತ್ತಾರೆ? ಪ್ರಶ್ನೆ ಕೇಳಬೇಕಾದದ್ದು, ಆರಾಮಾಗಿ ಕೂತು 'ಯಾರಿಗಾದರೂ ಉಪಯೋಗವಾಗಲಿ' ಎಂದು ಅದನ್ನು ಮುಂದಕ್ಕೆ ಕಳಿಸಿದವರನ್ನು.

ಈ ನಂಬಿಕೆಯ ಹಿಂದೆ ಒಂದು ನಿಜವಾದ ಸಂಗತಿ ಇದ್ದಿರಬಹುದು. ನೀರಿನಲ್ಲಿ ಬಿದ್ದು ಸತ್ತಂತೆ ಕಾಣುವ ನೊಣದ ಮೇಲೆ ಉಪ್ಪು ಹಾಕಿದರೆ ಸ್ವಲ್ಪ ಹೊತ್ತಿಗೆ ಅದು ಎದ್ದು ಹಾರುತ್ತದೆ. ಮ್ಯಾಜಿಕ್ ಏನಿಲ್ಲ. ನೊಣಕ್ಕೆ ಶ್ವಾಸಕೋಶವಿಲ್ಲ. ಮೈಮೇಲಿನ ಪುಟ್ಟ ರಂಧ್ರಗಳಿಂದ ಅದು ಉಸಿರಾಡುತ್ತದೆ. ಆ ರಂಧ್ರಗಳನ್ನು ಮುಚ್ಚಿದ ನೀರನ್ನು ಉಪ್ಪು ಹೀರುತ್ತದೆ. ಆಮ್ಲಜನಕವಿಲ್ಲದೆ ಬಹಳ ಹೊತ್ತು ತಡೆಯುವ ಶಕ್ತಿ ಕೀಟಗಳಿಗಿದೆ. ನೊಣ ಸತ್ತಿರಲೇ ಇಲ್ಲ.

ಮನುಷ್ಯರ ವಿಷಯ ಹಾಗಲ್ಲ. ಆಮ್ಲಜನಕ ನಿಂತ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಚರ್ಮದ ಮೇಲೆ ಸುರಿದ ಉಪ್ಪು ಶ್ವಾಸಕೋಶದ ನೀರನ್ನು ಹೀರಲಾರದು. ಹೀರಿದರೂ ನಿಂತ ಹೃದಯ ಅದರಿಂದ ಶುರುವಾಗುವುದಿಲ್ಲ. ಉಪ್ಪು ತರಲು ಹೋದ ಆ ಹತ್ತು ನಿಮಿಷವೇ ಬದುಕಿಸಬಹುದಾಗಿದ್ದ ಹತ್ತು ನಿಮಿಷ. ಅಪಾಯ ಇರುವುದು ಅಲ್ಲಿ. ಹಿಮಗಟ್ಟುವ ನೀರಿನಲ್ಲಿ ಮುಳುಗಿ ಬಹಳ ಹೊತ್ತಿನ ನಂತರ ಬದುಕಿದವರ ಅಪರೂಪದ ಉದಾಹರಣೆಗಳು ಚಳಿದೇಶಗಳಲ್ಲಿವೆ. ನಮ್ಮ ಬೆಚ್ಚಗಿನ ಕಡಲಿಗೆ ಅದು ಅನ್ವಯಿಸುವುದಿಲ್ಲ.

ಇದರ ಜೊತೆಗಿನ ಹಳೆಯ ಪದ್ಧತಿಗಳೂ ಕೆಟ್ಟವೇ. ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು, ಹೆಗಲ ಮೇಲೆ ಹಾಕಿಕೊಂಡು ಓಡುವುದು. ಇವುಗಳಿಂದ ಹೊರಬರುವುದು ಹೊಟ್ಟೆಯ ನೀರು ಮತ್ತು ಆಹಾರ. ಅದು ಮತ್ತೆ ಶ್ವಾಸನಾಳಕ್ಕೆ ಸೇರಿದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ.

ಮಾಡಬೇಕಾದದ್ದು ಇದು:

- ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಪ್ರತಿಕ್ರಿಯೆ ಮತ್ತು ಉಸಿರು ಇದೆಯೇ ನೋಡಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ.
- ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ವಾಲಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಯ ಮೂಲಕ ಉಸಿರು ಕೊಡಿ. ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕದ ಕೊರತೆಯಿಂದ, ಆದ್ದರಿಂದ ಇಲ್ಲಿ ಉಸಿರು ಕೊಡುವುದು ಬಹಳ ಮುಖ್ಯ.
- ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತಿ. 30 ಸಲ ಒತ್ತಿ, ಎರಡು ಸಲ ಉಸಿರು, ಮತ್ತೆ 30.
- ಉಸಿರು ಕೊಡಲು ಬಾರದಿದ್ದರೆ ಒತ್ತುವುದನ್ನಾದರೂ ನಿಲ್ಲಿಸಬೇಡಿ. ಸಹಾಯ ಬರುವವರೆಗೆ ಮುಂದುವರಿಸಿ.

ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲು. ಅನೇಕ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯುತ್ತದೆ. ಮುಂದಿನ ಸಲ ಮೀಟಿಂಗ್ ನೆಪ ಹೇಳದೆ ಹೋಗಿ.

ಇನ್ನಷ್ಟು ಸಣ್ಣಪುಟ್ಟ ನಂಬಿಕೆಗಳು

ಜೆಲ್ಲಿ ಮೀನು ಕಚ್ಚಿದರೆ ಮೂತ್ರ ಹಾಕಬೇಕು: ಬೇಡ. ಬಾಟಲಿಯ ಸಿಹಿನೀರು ಸುರಿಯುವುದು, ಮರಳಿನಿಂದ ಉಜ್ಜುವುದು ಕೂಡ ಬೇಡ. ಇವುಗಳಿಂದ ಚರ್ಮಕ್ಕೆ ಅಂಟಿದ ವಿಷಕೋಶಗಳು ಮತ್ತಷ್ಟು ಸಿಡಿಯಬಹುದು. ಕಡಲ ನೀರಿನಲ್ಲೇ ತೊಳೆದು, ಅಂಟಿರುವ ಎಳೆಗಳನ್ನು ಚಿಮಟದಿಂದ ತೆಗೆದು, ಆಮೇಲೆ ಸಹಿಸುವಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಇಡಿ. ಉಸಿರಾಟದ ತೊಂದರೆ, ಎದೆನೋವು ಬಂದರೆ ಆಸ್ಪತ್ರೆಗೆ ಹೋಗಿ.

ನೀರು ಕುಡಿದ ಮಗು ಚೆನ್ನಾಗಿದ್ದು ಒಂದು ವಾರದ ನಂತರ ಸಾಯುತ್ತದೆ: 'ಡ್ರೈ ಡ್ರೌನಿಂಗ್' ಎಂಬ ಹೆಸರಿನಲ್ಲಿ ಬರುವ ಈ ಭಯಕ್ಕೆ ವೈದ್ಯಕೀಯದಲ್ಲಿ ಮಾನ್ಯತೆ ಇಲ್ಲ. ಆದರೆ ನೀರಿನಿಂದ ಎತ್ತಿದವರಿಗೆ ಮುಂದಿನ ಕೆಲವು ಗಂಟೆಗಳಲ್ಲಿ ಕೆಮ್ಮು, ಏದುಸಿರು, ಅತಿಯಾದ ಮಂಪರು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ರಾತ್ರಿ ಹೊಳೆಯುವ ನೀಲಿ ಅಲೆಗಳು ವಿಕಿರಣದಿಂದ ಆಗುತ್ತವೆ: ಅಲ್ಲ. 2020ರ ಕೊನೆಯಲ್ಲಿ ನಮ್ಮ ಕರಾವಳಿಯ ಹಲವು ಕಡೆ ಕಂಡ ಈ ಬೆಳಕಿಗೆ ಕಾರಣ ನಾಕ್ಟಿಲುಕಾ ಎಂಬ ಏಕಕೋಶ ಜೀವಿ. ನೀರು ಕದಡಿದಾಗ ಅದು ಮಿನುಗುತ್ತದೆ. ದಡದಲ್ಲಿ ನಿಂತು ನೋಡಿ ಖುಷಿಪಡಿ, ರಾತ್ರಿ ನೀರಿಗೆ ಇಳಿಯಬೇಡಿ.

ಹಾಗಾದರೆ ಹೋಗಲೇಬಾರದೇ?

ಹೋಗಬೇಕು. ವಾರವಿಡೀ ಗಾಜಿನ ಕಟ್ಟಡದೊಳಗೆ ಕೂತವರಿಗೆ ಖಾಲಿ ದಡ ಕೊಡುವ ನೆಮ್ಮದಿಯನ್ನು ಬೇರೆ ಯಾವುದೂ ಕೊಡುವುದಿಲ್ಲ. ಆದರೆ ನಿರ್ಜನ ಬೀಚ್‌ನಲ್ಲಿ ಮಾಡಲು ಈಜುವುದೊಂದೇ ಕೆಲಸವಲ್ಲ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಮೀನಿನ ಮರಿ, ಶಂಖದ ಹುಳಗಳನ್ನು ಸುಮ್ಮನೆ ಕೂತು ನೋಡಬಹುದು. ಗುಡ್ಡದ ಮೇಲಿನಿಂದ ಸೂರ್ಯಾಸ್ತ ನೋಡಬಹುದು.

ಆ ದಡ ಇತರರದ್ದೂ ಹೌದು ಎಂಬುದನ್ನೂ ನೆನಪಿಡಬೇಕು. ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲೆ ಆಮೆಗಳು ಹೊನ್ನಾವರ, ಕುಂದಾಪುರ ಸುತ್ತಲಿನ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಒಂದೂವರೆಯಿಂದ ಎರಡು ತಿಂಗಳಲ್ಲಿ ಮರಿಗಳು ಹೊರಬಂದು ಬೆಳಕು ಕಾಣುವ ಕಡೆ ನಡೆಯುತ್ತವೆ. ಕತ್ತಲ ದಡದಲ್ಲಿ ಆ ಬೆಳಕು ಕಡಲಿನದು. ನಾವು ಹಚ್ಚಿದ ಕ್ಯಾಂಪ್‌ಫೈರ್, ಕಾರಿನ ಹೆಡ್‌ಲೈಟ್ ಅವುಗಳ ದಿಕ್ಕು ತಪ್ಪಿಸುತ್ತವೆ. ಜೀಪ್ ಓಡಿದರೆ ಗೂಡೇ ಹೋಯಿತು.

ಹೊರಡುವ ಮೊದಲು ಗ್ರೂಪಿನಲ್ಲಿ ಇಷ್ಟನ್ನು ಚರ್ಚಿಸಿ. ಯಾವ ತಿಂಗಳು? ಅಲೆಯ ಮುನ್ಸೂಚನೆ ಏನು? ಭರತ ಎಷ್ಟು ಗಂಟೆಗೆ? ದಡದಲ್ಲಿ ಕಾವಲಿಗೆ ಯಾರು? ಎಸೆಯಲು ಹಗ್ಗ, ಟ್ಯೂಬ್ ಇದೆಯೇ? ಕುಡಿದವರು ನೀರಿಗೆ ಇಳಿಯುವುದಿಲ್ಲ ಎಂಬುದಕ್ಕೆ ಎಲ್ಲರೂ ಒಪ್ಪಿದ್ದಾರೆಯೇ? ನೀರಿಗೆ ಇಳಿಯಲೇಬೇಕು ಎಂದಿದ್ದರೆ ಜೀವರಕ್ಷಕರಿರುವ ಬೀಚ್‌ನಲ್ಲಿ ಇಳಿದು, ನಿರ್ಜನ ಬೀಚ್‌ಗೆ ನಡೆಯಲು ಹೋಗುವುದು ಒಳ್ಳೆಯ ಹಂಚಿಕೆ.

ಅಲ್ಲಿ ತಲುಪಿದ ಮೇಲೆ ಬಲೆ ಸರಿಮಾಡುತ್ತ ಕೂತ ಯಾರಾದರೂ ಸಿಕ್ಕರೆ ಕೇಳಿ, 'ಅಣ್ಣಾ, ಇಲ್ಲಿ ಇಳೀಬಹುದಾ?' ಅವರು 'ಬೇಡ' ಎಂದರೆ ವಾದ ಬೇಡ. ಏನಾದರೂ ಆದರೆ ದೋಣಿ ತೆಗೆದುಕೊಂಡು ಹೋಗುವವರು ಅವರೇ. ಆ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ.

ಕೊನೆಗೆ ಫಾರ್ವರ್ಡ್ ಬಗ್ಗೆ ಒಂದು ಮಾತು. ಗುಟ್ಟಿನ ಬೀಚ್‌ನ ಮ್ಯಾಪ್ ಲಿಂಕ್ ಕಳಿಸುವಾಗ ಅದರ ಕೆಳಗೆ ಎರಡು ಸಾಲು ಸೇರಿಸಿ: ಅಲ್ಲಿ ಜೀವರಕ್ಷಕರಿಲ್ಲ, ನೊರೆ ಇಲ್ಲದ ಜಾಗದಲ್ಲಿ ಇಳಿಯಬೇಡಿ. ಉಪ್ಪಿನ ಮೆಸೇಜ್ ಬಂದರೆ ಸುಮ್ಮನೆ ಡಿಲೀಟ್ ಮಾಡಬೇಡಿ. ಕಳಿಸಿದವರು ಚಿಕ್ಕಪ್ಪನೋ ಹಳೆಯ ಮೇಷ್ಟ್ರೋ ಆಗಿರಬಹುದು. ಗ್ರೂಪಿನಲ್ಲಿ ಅವಮಾನ ಮಾಡದೆ, ಅವರಿಗೊಂದು ಫೋನ್ ಮಾಡಿ ನೊಣದ ಕಥೆ ಹೇಳಿ. ಮುಂದಿನ ಸಲ ಯಾವುದೋ ಊರಿನಲ್ಲಿ ಯಾರೋ ಉಪ್ಪಿನ ಚೀಲಕ್ಕೆ ಓಡುವ ಬದಲು ಎದೆ ಒತ್ತಲು ಕೂತರೆ, ನಿಮ್ಮ ಆ ಒಂದು ಫೋನ್ ಕರೆ ಸಾರ್ಥಕ.